ಹಿಂಗಾರಿ ಹಕ್ಕಿಗೆ ಐದು ಎರವಲು ಗರಿ

ಆಲಿಕಲ್ಲು ಬಿದ್ದ ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸಿನಲ್ಲಿ ಕೂತು ನಾನು ಯೋಚಿಸುತ್ತಿದ್ದುದು ಎಮ್ಮೆಗಳ ಬಗ್ಗೆ. ದನದ ಡಾಕ್ಟರಿಗೆ ಇನ್ನೇನು ಹೊಳೆದೀತು? ನನ್ನ ಮನೆ ಇರುವುದು ಕಲಬುರಗಿ ಅಂಚಿನ ಕೋಟನೂರಿನಲ್ಲಿ, ಕೆಲಸ ಕಮಲಾಪುರದ ಪಶು ಆಸ್ಪತ್ರೆಯಲ್ಲಿ. ಹಿಂದಿನ ಸಂಜೆ ನಮ್ಮ ಓಣಿಯಲ್ಲೇ ನಿಂಬೆಹಣ್ಣಿನ ಗಾತ್ರದ ಕಲ್ಲು ಬಿದ್ದು ಎರಡು ಕಾರಿನ ಗಾಜು ಪುಡಿಯಾಗಿದ್ದವು. ಕಮಲಾಪುರದ ಕಡೆ ಇನ್ನೂ ಜೋರಾಗಿತ್ತಂತೆ. ಬಯಲಲ್ಲಿ ಕಟ್ಟಿದ ದನಗಳ ಬೆನ್ನು ಏನಾಗಿದೆಯೋ ಎಂದು ಚೀಲದಲ್ಲಿ ನೋವಿನ ಇಂಜೆಕ್ಷನ್, ಮುಲಾಮು, ಹೊಲಿಗೆ ದಾರ ತುಂಬಿಕೊಂಡಿದ್ದೆ.

ಬಸ್ಸಿನಿಂದ ಇಳಿಯುವಷ್ಟರಲ್ಲಿ ಅರಣ್ಯ ಇಲಾಖೆಯ ವಾಚರ್ ಫೋನ್ ಮಾಡಿದ.

"ಸರ್, ಹಕ್ಕಿ ಸತ್ತಾವ್ರಿ. ಒಂದು ಇನ್ನಾ ಜೀವ ಅದ. ಜಲ್ದಿ ಬರ್ರಿ."

"ನಾ ಹಕ್ಕಿ ಡಾಕ್ಟರ್ ಅಲ್ಲಪಾ."

"ಮತ್ತ ಯಾರಿಗಿ ಕರೀಲಿ ಹೇಳ್ರಿ ಸರ್?"

ಅವನ ಬೈಕಿನ ಹಿಂದೆ ಕೂತು ಹೋದೆ.

ಊರಾಚೆ ಒಂದು ಕೆಂಪು ಬಾಳೆಯ ತೋಟ, ಅದರ ಪಕ್ಕಕ್ಕೆ ಉಳದೆ ಬಿಟ್ಟ ಹುಲ್ಲಿನ ಬೀಳು. ಬಾಳೆ ಎಲೆಗಳನ್ನು ಯಾರೋ ಬಾಚಣಿಗೆಯಿಂದ ಸೀಳಿದ ಹಾಗಿತ್ತು. ಅರ್ಧಕ್ಕರ್ಧ ಗೊನೆಗಳು ನೆಲದಲ್ಲಿದ್ದವು. ಹೊಲದೊಡತಿ ಐವತ್ತು ದಾಟಿದ ಹೆಂಗಸು, ನನಗಿಂತ ನಾಲ್ಕಾರು ವರ್ಷ ಹಿರಿಯರು. ಊರಿನವರೆಲ್ಲ ಅಕ್ಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ತಮ್ಮ ಬಾಳೆಯ ಕಡೆ ಬೆನ್ನು ಮಾಡಿ ಅವರು ಬೀಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಗೋಣಿತಾಟಿನ ಮೇಲೆ ಒಂಬತ್ತು ಹಕ್ಕಿ ಸಾಲಾಗಿ ಮಲಗಿದ್ದವು. ಪ್ರತಿಯೊಂದರ ರೆಕ್ಕೆಯನ್ನೂ ಅವರು ಮಡಚಿ ಮೈಗೆ ಹೊಂದಿಸಿ ಇಟ್ಟಿದ್ದರು.

ಪುಸ್ತಕದ ಕನ್ನಡದಲ್ಲಿ ಅವು ಸೆಳೆವ ಹಕ್ಕಿಗಳು. ಉದ್ದ ರೆಕ್ಕೆ, ಉದ್ದ ಬಾಲ, ಗಿಡುಗನ ಜಾತಿ. ಬಡಗಣದ ದೂರದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದೇಶ ದೇಶ ದಾಟಿ ನಮ್ಮ ಕಪ್ಪು ನೆಲಕ್ಕೆ ಬರುತ್ತವೆ. ಅಲ್ಲೂ ಹುಲ್ಲುಗಾವಲು ಕರಗುತ್ತಿದೆ, ಇಲ್ಲೂ ಕರಗುತ್ತಿದೆ, ಹಕ್ಕಿಗಳೂ ಕರಗುತ್ತಿವೆ. ಇವು ಗಿಡದ ಮೇಲೆ ಮಲಗುವುದಿಲ್ಲ. ಸಂಜೆಯಾದರೆ ಗುಂಪಾಗಿ ಹುಲ್ಲಿಗಿಳಿದು ನೆಲದ ಮೇಲೇ ಕೂಡುತ್ತವೆ. ಆಲಿಕಲ್ಲು ಬಿದ್ದದ್ದು ಸರಿಯಾಗಿ ಆ ಹೊತ್ತಿಗೆ. ತಲೆಯ ಮೇಲೆ ಒಂದು ಎಲೆಯ ಮರೆಯೂ ಇರಲಿಲ್ಲ.

"ನಾವು ಹಿಂಗಾರಿ ಹಕ್ಕಿ ಅಂತೀವ್ರಿ," ಅಂದರು ಅಕ್ಕ. "ಜ್ವಾಳ ಬಿತ್ತಾಗ ಬರ್ತಾವ, ರಾಶಿ ಮುಗದ ಮ್ಯಾಲ ಹೋಗ್ತಾವ. ಇನ್ನೇನು ಹೋಗೋ ದಿನ ಬಂದಿದ್ವು."

ಜೀವ ಇದ್ದದ್ದು ಹತ್ತನೆಯದು, ಕಂದು ಬಣ್ಣದ ಹೆಣ್ಣು. ಅಕ್ಕ ಅದರ ಮೇಲೆ ಬಿದಿರಿನ ಬುಟ್ಟಿ ಕವುಚಿಟ್ಟಿದ್ದರು. ಬುಟ್ಟಿ ಎತ್ತಿದರೆ ಹಳದಿ ಕಣ್ಣು ನನ್ನನ್ನೇ ದುರುಗುಟ್ಟಿ ನೋಡಿತು. ಬಲರೆಕ್ಕೆ ಜೋತು ಬಿದ್ದಿತ್ತು. ಟವೆಲಿನಲ್ಲಿ ಸುತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟೆ. ನನ್ನ ಗಮನವೆಲ್ಲ ಆ ಡಬ್ಬಿಯ ಮೇಲೆ. ವಾಚರ್ ಪಂಚನಾಮೆ ಬರೆದ, ಸತ್ತ ಹಕ್ಕಿಗಳ ಫೋಟೋ ಹಿಡಿದ, ನಾನು ಸಹಿ ಹಾಕಿದೆ.

"ಇವಕ್ಕೇನು ಮಾಡೋದ್ರಿ ಸಾಹೇಬ್ರ?" ಅಕ್ಕ ಗೋಣಿತಾಟು ತೋರಿಸಿದರು.

"ಮಣ್ಣ ಮಾಡಿಬಿಡ್ರಿ," ಅಂದೆ.

"ಎಲ್ಲಾನೂ?"

"ಎಲ್ಲಾ."

ವಾಚರ್ ಕಡೆ ತಿರುಗಿ "ಸುಣ್ಣ ಹಾಕಸು" ಎಂದೂ ಸೇರಿಸಿದೆ. ನಮ್ಮ ಕೆಲಸದಲ್ಲಿ ದನ ಸತ್ತರೆ ಹೇಳುವ ಮಾತೇ ಅದು. ಆಳದ ಗುಂಡಿ, ಮೇಲೆ ಸುಣ್ಣ, ಮೇಲೆ ಮಣ್ಣು. ದಿನಕ್ಕೆರಡು ಸಲ ಹೇಳುವ ಮಾತಾದ್ದರಿಂದ ಹೇಳಿದ್ದನ್ನೇ ಮರೆತು ಕಲಬುರಗಿಯ ಬಸ್ಸು ಹತ್ತಿದೆ.

ನಗರದ ದೊಡ್ಡ ಪಶು ಆಸ್ಪತ್ರೆಯಲ್ಲಿ ಎಕ್ಸ್-ರೇ ಆಯಿತು. ಮೂಳೆ ಮುರಿದಿರಲಿಲ್ಲ, ಭುಜ ಬಾತಿತ್ತು ಅಷ್ಟೇ. ಅರಣ್ಯಾಧಿಕಾರಿಗಳಿಂದ ಕಾಗದ ಪಡೆದು ಹಕ್ಕಿಯನ್ನು ನಮ್ಮ ಮಾಳಿಗೆಯ ಕೋಣೆಗೆ ತಂದೆ. ನನ್ನ ಹೆಂಡತಿ ಶಾಲೆಯ ಟೀಚರ್. ಅವಳ ಸಂಡಿಗೆ ಹಾಕುವ ಕಾಲ ಅದು, ಮಾಳಿಗೆ ಪೂರ್ತಿ ಅವಳ ರಾಜ್ಯ.

"ನಿಮ್ಮ ಹಕ್ಕಿ ಖೋಲಿ ಒಳಗ, ನನ್ನ ಸಂಡಿಗಿ ಹೊರಗ," ಅಂದಳು. "ಒಂದಕ್ಕೊಂದು ಭೇಟಿ ಆಗಬಾರದು."

ಕಿಟಕಿಯ ಸರಳಿಗೆ ಅಡ್ಡಲಾಗಿ ಅವಳ ಹಳೇ ಸೀರೆ ಕಟ್ಟಿದೆ. ಹೆದರಿದ ಹಕ್ಕಿ ಸರಳಿಗೆ ಬಡಿದುಕೊಂಡರೆ ಉಳಿದ ಗರಿಯೂ ಹೋಗುತ್ತದೆ. ಬಾಲಕ್ಕೆ ಹಳೇ ಎಕ್ಸ್-ರೇ ಫಿಲ್ಮನ್ನು ಲಕೋಟೆಯ ಹಾಗೆ ಮಡಚಿ ತೊಡಿಸಿದೆ. ಊಟಕ್ಕೆ ಮಾರ್ಕೆಟ್ಟಿನಿಂದ ಸಾಕಿದ ಬಟೇರ್, ಅಂದರೆ ಲಾವುಗೆ ಹಕ್ಕಿ, ತರುತ್ತಿದ್ದೆ. ಮಾರುವವ ಮೊದಲ ದಿನವೇ "ಡಾಕ್ಟರ್ ಸಾಬ್, ಬಿರ್ಯಾನಿ ಕ್ಯಾ?" ಎಂದು ಕೇಳಿದ. ಹೌದೆಂದೆ. ಗಿಡುಗನಿಗೆ ಎಂದಿದ್ದರೆ ಅರ್ಧ ಗಂಟೆ ವಿವರಿಸಬೇಕಿತ್ತು.

ಎರಡು ದಿನ ಹಕ್ಕಿ ಏನನ್ನೂ ಮುಟ್ಟಲಿಲ್ಲ. ಮಾಂಸವನ್ನು ದಾರದಷ್ಟು ಸಣ್ಣಗೆ ಕೊಯ್ದು ಚಿಮಟಿಗೆಯಿಂದ ಬಾಯಿಗಿಟ್ಟೆ. ನುಂಗುವುದಕ್ಕಿಂತ ಹೆಚ್ಚು ಉಗುಳಿತು, ಉಗುಳಿದ್ದಕ್ಕಿಂತ ಹೆಚ್ಚು ನನ್ನ ಕೈ ಕಚ್ಚಿತು. ಮೂರನೆಯ ದಿನ ಹೆಂಡತಿ ನನ್ನನ್ನು ಕೋಣೆಯಿಂದ ಹೊರಗೆ ಹಾಕಿ ಬಾಗಿಲು ಎಳೆದಳು.

"ನೀವು ಹಂಗ ಎದಿ ಮ್ಯಾಲ ಕುಂತ್ರ ನಾನೂ ಉಣ್ಣಂಗಿಲ್ಲ," ಅಂದಳು.

ತಾಸು ಬಿಟ್ಟು ನೋಡಿದರೆ ತಟ್ಟೆ ಖಾಲಿ. ಮರುದಿನ ಬೆಳಿಗ್ಗೆ ಮೂಲೆಯಲ್ಲಿ ಗರಿ ಮತ್ತು ಮೂಳೆಚೂರಿನ ಒಂದು ಸಣ್ಣ ಉಂಡೆ ಬಿದ್ದಿತ್ತು. ಬೇಟೆಹಕ್ಕಿಗಳು ಅರಗದ್ದನ್ನು ಹಾಗೆ ಕಕ್ಕುತ್ತವೆ. ಹೊಟ್ಟೆ ನೆಟ್ಟಗಿದೆ ಎಂಬುದಕ್ಕೆ ಅದೇ ಗುರುತು. ಆ ಉಂಡೆಯನ್ನು ಅಂಗೈಲಿ ಹಿಡಿದು ಹೆಂಡತಿಗೆ ತೋರಿಸಲು ಅಡಿಗೆಮನೆಗೆ ಓಡಿದೆ. ಅಲ್ಲಿಂದಲೂ ಹೊರಗೆ ಹಾಕಿಸಿಕೊಂಡೆ.

ಆರನೆಯ ದಿನ, ಗಿಡುಗ ಹದ್ದುಗಳಿಗೇ ಚಿಕಿತ್ಸೆ ಮಾಡುವ ದೂರದೂರಿನ ಒಬ್ಬ ಡಾಕ್ಟರಮ್ಮನನ್ನು ಫೋನಿನಲ್ಲಿ ಹಿಡಿದೆ. ಎಕ್ಸ್-ರೇ ನೋಡಿ ಖುಷಿಪಟ್ಟರು. ಆಮೇಲೆ ಬಲರೆಕ್ಕೆಯನ್ನು ಪೂರ್ತಿ ಬಿಡಿಸಿ ಹಿಡಿದು ಫೋಟೋ ಕಳಿಸಿ ಅಂದರು. ಕಳಿಸಿದೆ. ಫೋಟೋ ದೊಡ್ಡದು ಮಾಡಿ ಗರಿ ಎಣಿಸಿದರು.

"ಸರ್, ಹೊರಗಿನ ಐದು ದೊಡ್ಡ ಗರಿ ಬುಡದ ಹತ್ತಿರ ಮುರಿದಿವೆ. ಹಾರೋ ಗರಿಗಳೇ ಅವು."

"ಬೆಳೆಯೋದಿಲ್ಲವಾ?"

"ಕೂದಲಿನ ಹಾಗೆ ಬೆಳೆಯಲ್ಲ. ಮುರಿದ ಬುಡ ತಾನಾಗಿ ಉದುರಿ ಹೊಸದು ಬರಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಈ ಜಾತಿ ಅಷ್ಟು ದಿನ ಕೋಣೆಯಲ್ಲಿ ಬದುಕಲ್ಲ. ಕಾಲು ಹುಣ್ಣಾಗತ್ತೆ, ಉಳಿದ ಗರಿಯೂ ಹೋಗತ್ತೆ. ಗುಂಪು ಹೊರಡೋಕೆ ಇನ್ನು ಎರಡು ಮೂರು ವಾರ ಇರಬಹುದು. ಅಷ್ಟರೊಳಗೆ ಗರಿ ಕಸಿ ಮಾಡಿ."

ಮಾವಿಗೆ ಕಸಿ ಮಾಡುವುದು ಗೊತ್ತು, ಗರಿಗೆ ಕಸಿ ಕೇಳಿದ್ದು ಅದೇ ಮೊದಲು. ಅವರು ಬಿಡಿಸಿ ಹೇಳಿದರು. ಗರಿಯ ದಂಟು ಒಳಗೆ ಟೊಳ್ಳು. ಮುರಿದ ಗರಿಯನ್ನು ಬುಡದಲ್ಲಿ ನೀಟಾಗಿ ಕತ್ತರಿಸಿ, ಇನ್ನೊಂದು ಹಕ್ಕಿಯ ಅದೇ ಗರಿಯನ್ನು ಅದೇ ಅಳತೆಗೆ ಕತ್ತರಿಸಿ, ನಡುವೆ ಬಿದಿರಿನ ಕಡ್ಡಿಯೊಂದನ್ನು ಎರಡೂ ಟೊಳ್ಳಿಗೆ ತೂರಿಸಿ ಅಂಟಿಸಬೇಕು. ಹಕ್ಕಿಗೆ ನೋವಿಲ್ಲ, ನಾವು ಉಗುರು ಕತ್ತರಿಸಿದ ಹಾಗೆ. ಕಾಲಕ್ಕೆ ಹೊಸ ಗರಿ ಬಂದಾಗ ಎರವಲಿನದು ಬುಡಸಮೇತ ಉದುರಿಹೋಗುತ್ತದೆ.

"ಅದೇ ಜಾತಿ, ಹೆಣ್ಣೇ ಆಗಬೇಕು, ಬಲರೆಕ್ಕೆಯದೇ ಆಗಬೇಕು," ಅಂದರು. "ನಿಮಗೆ ಚಿಂತೆ ಇಲ್ಲ ಬಿಡಿ. ಸತ್ತ ಹಕ್ಕಿಗಳ ರೆಕ್ಕೆ ತೆಗೆದಿಟ್ಟಿದ್ದೀರಲ್ಲ?"

ನನಗೆ ನೆಲ ಸೀಳಿ ಒಳಗೆ ಹೋಗೋಣ ಅನ್ನಿಸಿತು. ಅವನ್ನು ಸುಣ್ಣ ಹಾಕಿ ಹೂಳಿಸಿದೆನೆಂದು ಹೇಳಿದೆ. ಹಸಿ ಸುಣ್ಣ ಗರಿಯನ್ನು ಸುಟ್ಟುಹಾಕುತ್ತದೆ. ಅವರು ಒಳ್ಳೆಯವರು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಮಟನ್ ಮಾರ್ಕೆಟ್ಟಿನ ಮೇಲೆ ಸುತ್ತುವ ಹದ್ದುಗಳು ಉದುರಿಸಿದ ಗರಿಗಳಲ್ಲಿ ಐದು ಆರಿಸಿ ತಂದೆ. ದೇವರ ಮನೆಯ ಊದುಬತ್ತಿಯ ಕಡ್ಡಿ ಕೆರೆದು ಕಸಿ ಮಾಡಿದೆ. ಕಪನೂರಿನ ಒಂದು ಬೇಳೆ ಗಿರಣಿಯ ಗೋದಾಮು ಖಾಲಿಯಿತ್ತು. ನನ್ನಿಂದ ಆಕಳಿಗೆ ಚಿಕಿತ್ಸೆ ಮಾಡಿಸಿಕೊಂಡಿದ್ದ ಮಾಲೀಕರು ಕೀಲಿ ಕೊಟ್ಟರು. ಉದ್ದನೆಯ ಗೋದಾಮಿನ ಒಂದು ತುದಿಯಲ್ಲಿ ಹಕ್ಕಿಯನ್ನು ಬಿಟ್ಟೆ. ಎದ್ದಿತು. ನಾಲ್ಕು ಮಾರು ಹೋಗುವಷ್ಟರಲ್ಲಿ ಮೈ ಓರೆಯಾಯಿತು, ಗಿರಕಿ ಹೊಡೆದು ಗೋಡೆಗೆ ಜಾರಿ ತೊಗರಿ ಹೊಟ್ಟಿನ ಮೇಲೆ ಕೂತಿತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮರುದಿನ ನೋಡಿದರೆ ಎರಡು ಗರಿಯನ್ನು ತಾನೇ ಕಿತ್ತು ಹಾಕಿತ್ತು. ಉಳಿದ ಮೂರು, ಗುಂಡಗಿನ ಕಡ್ಡಿಯ ಮೇಲೆ ತಿರುಗಿಕೊಂಡು ಅಡ್ಡಡ್ಡ ನಿಂತಿದ್ದವು.

"ಬೇರೆಯವರ ಚಪ್ಪಲಿ ಹಾಕಿ ಓಡಿಸಿದ ಹಾಗಾಯ್ತು ಸರ್," ಅಂದರು ಡಾಕ್ಟರಮ್ಮ. "ಹದ್ದಿನ ಗರಿ ಅಗಲ, ಭಾರ. ಕಡ್ಡಿಯೂ ಗುಂಡಗಿರಬಾರದು, ಮೂರು ಮೂಲೆ ಇರಬೇಕು. ಅವನ್ನು ತೆಗೆದುಬಿಡಿ."

ತೆಗೆದೆ. ಬುಡಗಳು ಸೀಳಿರಲಿಲ್ಲ, ಅದೊಂದೇ ಪುಣ್ಯ. ಆದರೆ ಆ ದಿನದಿಂದ ಹಕ್ಕಿ ಊಟ ಅರ್ಧ ಮಾಡಿತು. ನಾನು ಒಳಗೆ ಹೋದರೆ ದುರುಗುಟ್ಟುತ್ತಲೂ ಇರಲಿಲ್ಲ. ಮೂಲೆಗೆ ಮುಖ ಮಾಡಿ ಕೂಡುತ್ತಿತ್ತು. ಅದು ಬೈಯುವುದನ್ನು ಬಿಟ್ಟಿದ್ದೇ ನನಗೆ ಹೆಚ್ಚು ಸಂಕಟ ಕೊಟ್ಟಿತು.

ಅದಾಗಿ ಎರಡು ದಿನಕ್ಕೆ ಬಾಳೆತೋಟದ ಅಕ್ಕನ ಎಮ್ಮೆಯನ್ನು ನೋಡಲು ವಾಚರ್ ಜೊತೆ ಅವನ ಬೈಕಿನಲ್ಲಿ ಹೋಗಬೇಕಾಯಿತು. ಆಲಿಕಲ್ಲಿನ ಗಾಯ ಕೀವು ತುಂಬಿತ್ತು. ಗಾಯ ತೊಳೆಯುವಾಗ ಅಕ್ಕ ಹಕ್ಕಿಯ ಸುದ್ದಿ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ.

"ನೀವ್ ಹೇಳ್ದಂಗ ಅವತ್ತೇ ಎಲ್ಲಾನೂ ಮಣ್ಣ ಮಾಡೀನ್ರಿ," ಅಂದರು. "ಬಿಳಿ ಅರಿಬಿ ಸುತ್ತಿ, ಉಪ್ಪು ವಿಭೂತಿ ಹಾಕಿ. ಏನೂ ಕಮ್ಮಿ ಮಾಡಿಲ್ಲ."

ನನ್ನ ಕೈ ನಿಂತಿತು. "ಸುಣ್ಣ ಹಾಕ್ಲಿಲ್ಲೇನಕ್ಕಾ?"

"ಸುಣ್ಣ ಯಾಕ್ರಿ? ಸುಣ್ಣ ಗ್ವಾಡಿಗಿ ಹಚ್ತಾರ."

ವಾಚರ್ ತಲೆ ಕೆರೆದುಕೊಂಡ. "ಸುಣ್ಣ ತರ್ಲಾಕ ಹೋಗಿದ್ದೆ ಸರ್. ಬರೋದ್ರಾಗ ಅಕ್ಕಾರು ಎಲ್ಲಾ ಮುಗಿಸಿದ್ರು."

ಆಗ ಅರ್ಥವಾಯಿತು. ಮಣ್ಣು ಮಾಡಿ ಎಂದು ನಾನು ಹೇಳಿದ್ದು ದನದ ಡಾಕ್ಟರನ ಮಾತು. ಅವರು ಕೇಳಿಸಿಕೊಂಡದ್ದು ಮನೆಯ ಮಾತು. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಂಡಿಯಲ್ಲಿ ಕೂಡಿಸಿ, ಸುತ್ತ ಉಪ್ಪು ವಿಭೂತಿ ತುಂಬಿ, ಮಣ್ಣು ಕೊಡುತ್ತಾರೆ. ಎಮ್ಮೆಯ ಹಿಂಡಿಗೆ ಬೆರೆಸಲು ತಂದಿಟ್ಟ ಹರಳುಪ್ಪನ್ನೆಲ್ಲ ಅವರು ಹಕ್ಕಿಗಳಿಗೆ ಸುರಿದಿದ್ದರು. ಉಪ್ಪು ಮೈಯ ನೀರು ಹೀರುತ್ತದೆ, ಗರಿಯನ್ನು ಕೆಡಿಸುವುದಿಲ್ಲ. ನಾನು ಹೇಳಿದ ಹಾಗೆ ಕೇಳಿದ್ದರೆ ಗರಿಗಳು ಇರುತ್ತಿರಲಿಲ್ಲ.

"ಎಲ್ಲಿ ಅಕ್ಕಾ?" ಅಂದೆ.

ಬೀಳಿನ ಮೇಲ್ದಂಡೆಯಲ್ಲಿ, ನೀರು ನಿಲ್ಲದ ಗರಸು ನೆಲದಲ್ಲಿ, ಬೇವಿನ ಮರದ ಕೆಳಗೆ ಒಂದು ಗದ್ದುಗೆ ಇತ್ತು. ಅವರ ಗಂಡನ ಸಮಾಧಿ. ಅದರ ಮಗ್ಗುಲಿಗೆ ಹೊಸ ಮಣ್ಣಿನ ಪುಟ್ಟ ದಿಬ್ಬ, ಮೇಲೊಂದು ಕಲ್ಲು, ಒಣಗಿದ ಚೆಂಡುಹೂವು.

"ಅವರ ಬಾಜೂಕ ಇಟ್ಟೀನ್ರಿ. ಹೊಲದಾಗಿನ ಇಲಿ ಹಿಡೀತಾವಂತ ಅವರಿಗಿ ಈ ಹಕ್ಕಿ ಅಂದ್ರ ಜೀವ. ಈ ಬೀಳು ಉಳಿಸಿದ್ದೂ ಅವರೇ. ಬಾಳಿ ಹಚ್ಚೂಣು ಅಂದ್ರ, ಆ ಹಕ್ಕಿ ಎಲ್ಲಿ ಮಲಗಬೇಕು ಅಂತಿದ್ರು."

ಗರಿಗಾಗಿ ಆ ದಿಬ್ಬ ತೆರೆಯಬಹುದೇ ಎಂದು ಕೇಳಲಾಗಲಿಲ್ಲ. ಎಮ್ಮೆಗೆ ಇಂಜೆಕ್ಷನ್ ಕೊಟ್ಟು ಹೊರಟೆ.

ದಾರಿಯಲ್ಲಿ ವಾಚರ್ ಬೈಕು ನಿಧಾನ ಮಾಡಿದ. "ಸರ್, ಅಕ್ಕಾರು ನಾಡಿದ್ದು ಸಂತಿಗಿ ಹೋಗ್ತಾರ. ಒಂದು ತಾಸಿನ ಕೆಲಸ. ತಗದು, ಗರಿ ತಗೊಂಡು, ಮತ್ತ ಮುಚ್ಚಿದ್ರ ಯಾರಿಗಿ ಗೊತ್ತಾಗ್ತದ್ರಿ?"

ಅವನನ್ನು ಬೈದೆನೆಂದು ಬರೆದರೆ ಸುಳ್ಳಾಗುತ್ತದೆ. ಕಲಬುರಗಿ ತಲುಪುವವರೆಗೆ ನಾನೂ ಅದನ್ನೇ ಲೆಕ್ಕ ಹಾಕಿದೆ. ಒಂದು ತಾಸು, ಒಂದು ಸಲಿಕೆ. ಹಕ್ಕಿ ಉಳಿಯುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸಂಡಿಗೆ ತಿರುವಿ ಹಾಕುತ್ತಿದ್ದಳು.

"ಕೇಳೋದು ನಿಮ್ಮ ಕೆಲಸ. ಒಲ್ಲೆ ಅನ್ನೋದು ಅವರ ಹಕ್ಕು," ಅಂದಳು. "ಕೇಳದೇನೇ ತಗದ್ರಿ ಅಂದ್ರ, ಆ ಹಕ್ಕಿ ಹಾರಿದಾಗ ನೀವು ಮ್ಯಾಲ ನೋಡ್ತೀರಿ, ಅವರ ಮುಖ ನೋಡಂಗಿಲ್ಲ."

ಹಾಗೆ ತೀರ್ಮಾನವಾಯಿತು. ಮರುದಿನ ಮೊದಲ ಬಸ್ಸಿಗೆ ಹೋದೆ. ಮುಗಿದುಹೋದ ಪಂಚನಾಮೆಯನ್ನು ಮತ್ತೆ ತೆರೆಯುವುದಕ್ಕೂ ಕಾಗದ ಬೇಕಿತ್ತು. ಅರಣ್ಯ ಕಚೇರಿಗೆ ಅರ್ಜಿ ಬರೆದೆ. ವಿಷಯ ಎಂಬಲ್ಲಿ ಏನು ಬರೆಯುವುದು ತಿಳಿಯದೆ "ಹೂಳಿದ ಪಕ್ಷಿಗಳಿಂದ ಗರಿ ಪಡೆಯುವ ಕುರಿತು" ಎಂದೆ. ಅಧಿಕಾರಿ ಅದನ್ನು ಮೂರು ಸಲ ಓದಿ, ನನ್ನ ಮುಖವನ್ನು ಒಂದು ಸಲ ಓದಿ, ಸಹಿ ಹಾಕಿದರು. ಕಾಗದ ಜೇಬಿನಲ್ಲೇ ಇಟ್ಟುಕೊಂಡೆ. ಅಕ್ಕನಿಗೆ ಅದನ್ನು ತೋರಿಸಿದರೆ ಕೇಳಿದ ಹಾಗಾಗುವುದಿಲ್ಲ, ಹೇಳಿದ ಹಾಗಾಗುತ್ತದೆ.

ಅಕ್ಕ ಬಿದ್ದ ಬಾಳೆಗಿಡ ಕಡಿಯುತ್ತಿದ್ದರು. ಪೂರ್ತಿ ಹೇಳಿದೆ. ಅವರು ಕುಡುಗೋಲು ಕೆಳಗಿಟ್ಟರು.

"ಮಣ್ಣಾಗಿಟ್ಟವ್ರಿಗಿ ಯಾರರ ಎಬ್ಬಸ್ತಾರೇನ್ರಿ ಸಾಹೇಬ್ರ?"

"ಎಬ್ಬಸಂಗಿಲ್ಲಕ್ಕಾ."

"ನೀವೇ ಮಣ್ಣ ಮಾಡಂದ್ರಿ."

"ನಂದೇ ತಪ್ಪದ. ತಿಳೀದ ಅಂದೆ."

ದೂರದಲ್ಲಿ ಉಳಿದ ನಾಲ್ಕೈದು ಹಕ್ಕಿಗಳು ಜೋಳದ ಕೂಳೆಯ ಮೇಲೆ ತಗ್ಗಾಗಿ ತೇಲುತ್ತಿದ್ದವು. ಅಕ್ಕ ಅವುಗಳನ್ನೇ ನೋಡುತ್ತಿದ್ದರು.

"ಹಚ್ಚಿದ್ರ ಆಕಿ ಹಾರ್ತಾಳೇನು?"

"ಗೊತ್ತಿಲ್ಲಕ್ಕಾ. ಹಚ್ಚಲಿಲ್ಲಂದ್ರ ಹಾರಂಗಿಲ್ಲ. ಅದಷ್ಟು ಗೊತ್ತದ."

ಹಾರುತ್ತದೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳದೆ ಉಳಿದದ್ದೇ ಒಳ್ಳೆಯದಾಯಿತೆಂದು ಈಗಲೂ ಅಂದುಕೊಳ್ಳುತ್ತೇನೆ.

"ನಾಳಿ ಜಳಕ ಮಾಡಿ ಬರ್ರಿ," ಅಂದರು ಅಕ್ಕ. "ತಗಿಯೋದು ನಾನು. ಮತ್ತ ಮಣ್ಣ ಕೊಡೋದು ನೀವು."

ಮರುದಿನ ಅವರು ಸಲಿಕೆ ಮುಟ್ಟಲಿಲ್ಲ. ಕೈಯಿಂದಲೇ ಮಣ್ಣು ಸರಿಸಿದರು. ಒಳಗೆ ಬಿದಿರಿನ ಬುಟ್ಟಿ, ಮೊದಲ ದಿನ ಜೀವ ಇದ್ದ ಹಕ್ಕಿಯ ಮೇಲೆ ಕವುಚಿಟ್ಟದ್ದೇ. ಬಿಳಿ ಬಟ್ಟೆ ಬಿಡಿಸಿದರೆ ಉಪ್ಪು ಗಡ್ಡೆಗಟ್ಟಿತ್ತು. ವಾಸನೆ ನಾನು ಹೆದರಿದಷ್ಟು ಇರಲಿಲ್ಲ. ಒಂದೊಂದನ್ನೂ ಎತ್ತಿ ನನ್ನ ಕೈಗೆ ಕೊಡುವಾಗ ಅಕ್ಕ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದರು. ನನಗಲ್ಲ, ಹಕ್ಕಿಗೆ. "ಜರಾ ತಡಿಯವ್ವಾ, ಮತ್ತ ಮಲಗಸ್ತೀನಿ" ಎಂದಷ್ಟು ಕೇಳಿಸಿತು.

ನಾಲ್ಕು ಗಂಡು, ಐದು ಹೆಣ್ಣು. ಹೆಣ್ಣುಗಳಲ್ಲಿ ಎರಡರ ಬಲರೆಕ್ಕೆ ಮಾತ್ರ ಬಳಸುವ ಹಾಗಿತ್ತು, ಅದೂ ಪೂರ್ತಿಯಾಗಿ ಅಲ್ಲ. ಒಂದರಿಂದ ಮೂರು, ಇನ್ನೊಂದರಿಂದ ಎರಡು ಗರಿ ತೆಗೆದೆ. ಪ್ರತಿಯೊಂದರ ಬುಡಕ್ಕೂ ದಾರ ಕಟ್ಟಿ ರೆಕ್ಕೆಯಲ್ಲಿ ಎಷ್ಟನೆಯದೆಂದು ಚೀಟಿ ಬರೆದೆ. ಒಂದು ಗರಿ ಅದಲು ಬದಲಾದರೂ ರೆಕ್ಕೆಯ ಅಂಚು ಹದ ತಪ್ಪುತ್ತದೆ. ಆಮೇಲೆ ಅಕ್ಕ ಎಲ್ಲವನ್ನೂ ಮೊದಲಿನ ಹಾಗೆ ಸುತ್ತಿ ಬುಟ್ಟಿಯಲ್ಲಿಟ್ಟರು. ಹೊಸ ಉಪ್ಪು ಹಾಕಿದರು. ನನ್ನ ಕಡೆ ನೋಡಿದರು.

ಈ ಕೆಲಸಕ್ಕೆ ಸೇರಿದಾಗಿನಿಂದ ಎಷ್ಟು ದನ ಹೂಳಿಸಿದ್ದೇನೋ ಲೆಕ್ಕವಿಲ್ಲ. ಎಲ್ಲ ದೂರ ನಿಂತು, ಬಾಯಿಮಾತಿನಲ್ಲಿ. ಅಂದು ಮೂರು ಹಿಡಿ ಮಣ್ಣನ್ನು ನನ್ನ ಕೈಯಿಂದ ಹಾಕುವಾಗ ಕಣ್ಣು ತುಂಬಿತು. ವಾಚರ್ ಟೊಪ್ಪಿಗೆ ತೆಗೆದು ನಿಂತಿದ್ದ. ಅವನೂ ಮೂರು ಹಿಡಿ ಹಾಕಿದ.

ಗರಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಶಾಂಪೂ ಹಾಕಿ ತೊಳೆದು ನೆರಳಲ್ಲಿ ಆರಿಸಿದೆ. ಬಾಗಿದ್ದ ಎರಡು ಗರಿಯನ್ನು ಅನ್ನದ ಪಾತ್ರೆಯ ಹಬೆಗೆ ಹಿಡಿದರೆ ತಾವಾಗಿ ನೆಟ್ಟಗಾದವು. ಆ ಅನ್ನವನ್ನು ಹೆಂಡತಿ ಉಣ್ಣಲಿಲ್ಲ, ನನಗೇ ಬಡಿಸಿದಳು. ಕಡ್ಡಿಗೆ ಮನೆಯ ಹಳೇ ಮೊರದ ಬಿದಿರು ಸಿಕ್ಕಿತು. ಬ್ಲೇಡಿನಿಂದ ಕೆರೆದು ಮೂರು ಮೂಲೆಯ ಐದು ಕಡ್ಡಿ ಮಾಡಲು ಇಪ್ಪತ್ತಾದರೂ ಕೆಡಿಸಿರಬೇಕು.

ಭಾನುವಾರ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕೂತೆವು. ಹೆಂಡತಿ ಹಕ್ಕಿಯನ್ನು ಟವೆಲಿನಲ್ಲಿ ಹಿಡಿದಳು. ಕಾಲುಚೀಲದ ತುದಿ ಕತ್ತರಿಸಿ ಮಾಡಿದ ಟೋಪಿಯನ್ನು ಅದರ ಕಣ್ಣಿಗೆ ತೊಡಿಸಿದೆ. ಕತ್ತಲಾದರೆ ಈ ಹಕ್ಕಿಗಳು ಶಾಂತವಾಗುತ್ತವೆ. ಫೋನಿನಲ್ಲಿ ಡಾಕ್ಟರಮ್ಮ ನೋಡುತ್ತಿದ್ದರು. ಅಂಟು ಪಕ್ಕದ ಗರಿಗೆ ತಾಗದಂತೆ ಕೆಳಗೆ ಕಾಗದದ ಚೂರು ಇಟ್ಟು, ಒಳಗಿನಿಂದ ಹೊರಕ್ಕೆ ಒಂದೊಂದೇ ಕೂಡಿಸಿದೆ. ಮೂರನೆಯದು ಒಂದು ಕೂದಲೆಳೆಯಷ್ಟು ಓರೆಯಾಯಿತು. "ಅಂಟು ಗಟ್ಟಿಯಾಗೋ ಮೊದಲು ತಿರುಗಿಸಿ" ಎಂದು ಫೋನು ಹೇಳುವಷ್ಟರಲ್ಲಿ ಹೆಂಡತಿಯೇ ತನ್ನ ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದ್ದಳು.

"ಆತು ನೋಡವ್ವಾ, ಇನ್ನೆರಡ," ಎಂದು ಅವಳು ಹಕ್ಕಿಗೆ ಹೇಳುತ್ತಿದ್ದಳು. ಅವಳ ಸಂಡಿಗೆ ಅಂದು ಒಣಗಲು ಹೋಗಲೇ ಇಲ್ಲ.

ಎರಡು ದಿನ ಬಿಟ್ಟು ಮತ್ತೆ ಕಪನೂರಿನ ಗೋದಾಮು. ಹಕ್ಕಿಯನ್ನು ಬಿಟ್ಟು ನಾನು ಕಣ್ಣು ಮುಚ್ಚಿಕೊಂಡೆ. ಏನೂ ಸದ್ದಾಗಲಿಲ್ಲ. ಕಣ್ಣು ತೆರೆದರೆ ಅದು ಆ ತುದಿಯ ತೊಲೆಯ ಮೇಲೆ ಕೂತು ನನ್ನನ್ನು ದುರುಗುಟ್ಟುತ್ತಿತ್ತು. ಮತ್ತೆ ಎಬ್ಬಿಸಿದೆ. ಈ ತುದಿಗೆ ಬಂತು, ನೆಟ್ಟಗೆ. ಆರು ಸಲ ಓಡಾಡಿಸಿದೆ. ಏಳನೆಯ ಸಲ ನನ್ನ ಟೊಪ್ಪಿಗೆಯನ್ನು ಉಗುರಿನಿಂದ ಹಾರಿಸಿತು. ಅಷ್ಟು ಸಿಟ್ಟು ವಾಪಸು ಬಂದದ್ದು ನೋಡಿ ಬಿಡಬಹುದು ಅಂದುಕೊಂಡೆ.

ಯುಗಾದಿ ಮುಗಿದಿತ್ತು. ಬೀಳಿನಲ್ಲಿ ಎರಡೇ ಹಕ್ಕಿ ಉಳಿದಿದ್ದವು. ಬಿಸಿಲೇರಿ ಗಾಳಿ ಮೇಲಕ್ಕೇಳುವ ಹೊತ್ತಿಗೆ ಡಬ್ಬಿಯನ್ನು ಹುಲ್ಲಿನಲ್ಲಿಟ್ಟು, ಅಕ್ಕನಿಗೇ ಮುಚ್ಚಳ ತೆಗೆಯಲು ಹೇಳಿದೆ. ಅವರು ಸೆರಗು ತಲೆಯ ಮೇಲೆಳೆದುಕೊಂಡು ತೆಗೆದರು. ಹಕ್ಕಿ ಹೊರಬಂದು ಬದುವಿನ ಮೇಲೆ ಕೂತಿತು. ಬಲರೆಕ್ಕೆ ಬಿಡಿಸಿ, ಎರವಲಿನ ಗರಿಗಳನ್ನು ಒಂದೊಂದಾಗಿ ಕೊಕ್ಕಿನಿಂದ ಸವರಿತು. ಕಿತ್ತೇ ಹಾಕುತ್ತದೆ ಅಂದುಕೊಂಡೆ. ಕೀಳಲಿಲ್ಲ. ಎದ್ದು, ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ತೇಲಿ, ಬೇವಿನ ಮರ ಸುತ್ತಿ, ಬಿಸಿಗಾಳಿ ಸಿಕ್ಕ ಜಾಗದಲ್ಲಿ ಸುತ್ತುತ್ತ ಸುತ್ತುತ್ತ ಮೇಲೇರಿತು. ನಾನು ಅದನ್ನೂ ನೋಡಿದೆ, ಅಕ್ಕನ ಮುಖವನ್ನೂ ನೋಡಿದೆ. ಚುಕ್ಕೆಯಾಗಿ ಕಾಣದಾಗುವವರೆಗೂ ಅವರು ಹಣೆಗೆ ಕೈ ಹಚ್ಚಿ ನಿಂತೇ ಇದ್ದರು.

ಮಳೆಗಾಲ ಕಳೆದು ಜೋಳ ಬಿತ್ತುವ ಹೊತ್ತಿಗೆ ಅಕ್ಕನ ಫೋನು ಬಂತು. "ಬಂದಾವ್ರಿ," ಅಂದರು. ಮರುದಿನ ಹೋದೆ. ಬೀಳಿನ ಮೇಲೆ ಆರೇಳು ತೇಲುತ್ತಿದ್ದವು, ಹಿಂದಿನ ವರ್ಷದ ಅರ್ಧವೂ ಇಲ್ಲ.

"ಇದ್ರಾಗ ನಮ್ಮಾಕಿ ಯಾವಾಕ್ರಿ?"

"ಗುರುತು ಸಿಗಂಗಿಲ್ಲಕ್ಕಾ. ನಾವು ಹಚ್ಚಿದ ಗರಿ ಈಗ ಇರಂಗಿಲ್ಲ. ಹೊಸಾವು ಬಂದಿರ್ತಾವ, ಅವು ಉದುರಿರ್ತಾವ."

"ಎಲ್ಲಿ ಉದುರ್ತಾವ್ರಿ?"

"ಆಕಿ ಮುಟ್ಟಿದ್ರ, ಅಲ್ಲೇ. ಅವು ಗೂಡು ಕಟ್ಟೋ ಹುಲ್ಲಿನಾಗ."

ಅಕ್ಕ ಬೇವಿನ ಮರದ ಕಡೆ ತಿರುಗಿದರು. ಪುಟ್ಟ ದಿಬ್ಬದ ಮೇಲೆ ಮಳೆಗಾಲದ ಹುಲ್ಲು ಬೆಳೆದು ಒಣಗುತ್ತಿತ್ತು. ಮುಟ್ಟಿದ್ದರೆ ಎಂಬ ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

"ಹಂಗಾರ ಗರಿ ಕೊಟ್ಟ ಆ ಎರಡೂ ಮನಿ ಮುಟ್ಟ್ಯಾವ," ಅಂದರು.